ಗ್ರೀಕರ ಲಿನನ್ ಎದೆಗವಚ: ಅಳತೆ, ಹೊಲಿಗೆ, ಕಟ್ಟು

ಪ್ರಾಚೀನ ಗ್ರೀಕ್ ಯೋಧರ ಲಿನನ್ (ಅಗಸೆನಾರಿನ ಬಟ್ಟೆ) ಕವಚ ಇಂದು ಒಂದೂ ಉಳಿದಿಲ್ಲ. ಅದನ್ನು ಮತ್ತೆ ಮಾಡಬೇಕೆಂದರೆ ಕ್ರಿ.ಪೂ. 6 ಮತ್ತು 5ನೇ ಶತಮಾನದ ಮಡಕೆಗಳ ಮೇಲಿನ ಚಿತ್ರಗಳನ್ನು, ಕೆಲವು ಶಿಲ್ಪಗಳನ್ನು, 1977ರಲ್ಲಿ ಉತ್ತರ ಗ್ರೀಸಿನ ವೆರ್ಗಿನಾದ ರಾಜಸಮಾಧಿಯಲ್ಲಿ ಸಿಕ್ಕ ಅದೇ ಆಕಾರದ ಕಬ್ಬಿಣದ ಕವಚವನ್ನು ನೋಡಿಯೇ ಮಾಡಬೇಕು. ಚಿತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ಭಾಗಗಳು ಮೂರು: ಮುಂಡಕ್ಕೆ ಸುತ್ತುವ ಅಗಲ ಹಲಗೆಯಂಥ ತುಂಡು, ಬೆನ್ನಿನಿಂದ ಹೊರಟು ಹೆಗಲು ದಾಟಿ ಎದೆಗೆ ಬರುವ ‘ಯು’ ಆಕಾರದ ಹೆಗಲುಪಟ್ಟಿ, ಸೊಂಟದ ಕೆಳಗೆ ಇಳಿಬಿಟ್ಟ ಎರಡು ಸಾಲು ಪಟ್ಟಿಗಳು, ಅಂದರೆ ಪ್ಟೆರುಗೆಸ್.

ಬಟ್ಟೆಯ ಹಲವು ಪದರಗಳನ್ನು ಅಂಟಿಸಬೇಕೋ ಹೊಲಿಯಬೇಕೋ ಎಂಬುದು ಹಳೆಯ ಜಗಳ. ಅಮೆರಿಕದ ವಿಸ್ಕಾನ್ಸಿನ್–ಗ್ರೀನ್ ಬೇ ವಿಶ್ವವಿದ್ಯಾಲಯದ ಗ್ರೆಗರಿ ಆಲ್ಡ್ರೆಟ್ ತಂಡ ಅಂಟಿಸಿದ ಕವಚ ಮಾಡಿ, ಅದು ಬಾಣ ತಡೆಯುತ್ತದೆಂದು ತೋರಿಸಿತು. ಆದರೆ ಗ್ರೀಕ್ ಬರಹಗಳಲ್ಲಿ ಅಂಟಿನ ಸುದ್ದಿ ಇಲ್ಲ. ಈಜಿಪ್ಟಿನ ದೊರೆ ಅಮಾಸಿಸ್ ಕಳಿಸಿದ ಕವಚದ ಒಂದೊಂದು ನೂಲಲ್ಲೂ 360 ಎಳೆಗಳಿದ್ದವೆಂದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಹೇಳುತ್ತಾನೆ. ಅವನು ಮೆಚ್ಚಿದ್ದು ನೂಲನ್ನು. ಪ್ರಾಣಿಗಳ ಚರ್ಮದಿಂದ ತೆಗೆದ ಅಂಟು ಬೆವರಿಗೂ ಮಳೆಗೂ ಮೆತ್ತಗಾಗುತ್ತದೆ. ಹಾಗಾಗಿ ಇಲ್ಲಿ ಹೊಲಿಗೆಯ ದಾರಿ. ಉತ್ತರ ಕರ್ನಾಟಕದ ಕೌದಿ ಹೊಲಿದವರಿಗೆ ಕೈಚಳಕ ಆಗಲೇ ಬಂದಿರುತ್ತದೆ, ಬಿಗಿ ಮಾತ್ರ ಹೆಚ್ಚು ಬೇಕು.

ಎದೆ ಸುತ್ತಳತೆ 96 ಸೆಂ.ಮೀ. ಇರುವವರಿಗೆ, 150 ಸೆಂ.ಮೀ. ಪನ್ನದ, ಚದರ ಮೀಟರಿಗೆ 200 ಗ್ರಾಂ ತೂಗುವ ಅಗಸೆನಾರಿನ ಬಟ್ಟೆ ಸುಮಾರು 9 ಮೀಟರ್ ಬೇಕು. ಕತ್ತರಿಸುವ ಮೊದಲು ಬಿಸಿನೀರಲ್ಲಿ ತೊಳೆದು ಒಣಗಿಸಿ. ಲಿನನ್ ಕುಗ್ಗುತ್ತದೆ, ಹೊಲಿದ ಮೇಲೆ ಕುಗ್ಗಿದರೆ ಕವಚ ಹಾಳು. ಜೇನುಮೇಣ ಸವರಿದ ಲಿನನ್ ದಾರ, ದಪ್ಪ ಸೂಜಿ, ಅಂಗುಸ್ತಾನ, ತೂತಿಗೆ ದಬ್ಬಣ ಇಟ್ಟುಕೊಳ್ಳಿ.

ಬಟ್ಟೆಗೆ ಕತ್ತರಿ ಹಾಕುವ ಮೊದಲು ರಟ್ಟಿನಲ್ಲಿ ಮಾದರಿ ಮಾಡಿ, ಒಳಗೆ ಹಾಕುವ ಅಂಗಿಯ ಮೇಲೆಯೇ ತೊಟ್ಟು ನೋಡಿ. ಮುಂಡದ ತುಂಡಿನ ಉದ್ದ 110 ಸೆಂ.ಮೀ.: ಎದೆ ಸುತ್ತಳತೆಗೆ 6 ಸಡಿಲ, 8 ಮೇಲಡಕ. ಎತ್ತರ ಎದೆ ನಡುವೆ ಸುಮಾರು 38 ಸೆಂ.ಮೀ.; ಕಂಕುಳ ಕೆಳಗೆ ತಗ್ಗಿಸಿ. ಕೆಳ ಅಂಚು ಸೊಂಟದ ಮೂಳೆಯ ಮೇಲ್ತುದಿಗೆ ನಿಲ್ಲಬೇಕು. ಎರಡು ಬೆರಳು ಕೆಳಗಿಳಿದರೂ ಕೂತಾಗ ಕವಚ ಮೇಲೆದ್ದು ಗಂಟಲಿಗೆ ಒತ್ತುತ್ತದೆ. ರಟ್ಟಿನಲ್ಲಿ ಕುಳಿತು, ಬಗ್ಗಿ, ಕೈಯೆತ್ತಿ ನೋಡದೆ ಮುಂದೆ ಹೋಗಬೇಡಿ.

ಹನ್ನೆರಡು ಪದರ ಸೇರಿಸಿ ಬಿಗಿದರೆ ಸುಮಾರು 5 ಮಿ.ಮೀ. ದಪ್ಪವಾಗುತ್ತದೆ. ಎಡವುವುದು ಇಲ್ಲೇ. 5 ಮಿ.ಮೀ. ದಪ್ಪದ ಸುರುಳಿಯಲ್ಲಿ ಹೊರಪದರ ಒಳಪದರಕ್ಕಿಂತ ಸುಮಾರು 3 ಸೆಂ.ಮೀ. ಉದ್ದವಿರಬೇಕು. ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸಿ ನೆಲದ ಮೇಲೆ ಹರಡಿ ಹೊಲಿದರೆ, ಮೈಗೆ ಸುತ್ತಿದಾಗ ಒಳಗೆಲ್ಲ ನೆರಿಗೆ ಬಿದ್ದು ಪಕ್ಕೆ ಕೊರೆಯುತ್ತದೆ. ಪ್ರತಿ ಪದರವನ್ನೂ ಹಿಂದಿನದಕ್ಕಿಂತ ಎರಡೂವರೆ ಮಿ.ಮೀ. ಉದ್ದ ಬಿಡಿ, ದೇಹದಷ್ಟೇ ದಪ್ಪದ ಡ್ರಮ್ಮಿಗೆ ಸುತ್ತಿ ಒರಟಾಗಿ ಟಾಕಿ ಹಾಕಿ. ಆ ಬಾಗು ಕೆಡದಂತೆ 1.5 ಸೆಂ.ಮೀ. ಅಂತರದ ಸಾಲುಗಳಲ್ಲಿ ಹೊಲಿಯಿರಿ. ಹೊಲಿಗೆ ಎಳೆದಂತೆ ತುಂಡು ಒಂದೆರಡು ಸೆಂ.ಮೀ. ಚಿಕ್ಕದಾಗುವುದರಿಂದ ಅಂಚನ್ನು ಕೊನೆಗೆ ಕತ್ತರಿಸಿ.

ಹೆಗಲುಪಟ್ಟಿಗೆ ಇದಕ್ಕೆ ತದ್ವಿರುದ್ಧ: ಅದನ್ನು ಬೇಕೆಂದೇ ಚಪ್ಪಟೆಯಾಗಿ ಹೊಲಿಯಬೇಕು. ಕಾರಣ ಬರ್ಲಿನ್‌ನಲ್ಲಿರುವ, ಸೋಸಿಯಾಸ್ ಬಟ್ಟಲು ಎಂಬ ಗ್ರೀಕ್ ಮಣ್ಣಿನ ಪಾತ್ರೆಯ ಚಿತ್ರದಲ್ಲಿದೆ. ಕ್ರಿ.ಪೂ. 500ರ ಆಸುಪಾಸಿನ ಆ ಚಿತ್ರದಲ್ಲಿ ಟ್ರೋಜನ್ ಯುದ್ಧದ ಕಥೆಯ ವೀರ ಅಕಿಲೀಸ್ ತನ್ನ ಗೆಳೆಯ ಪಾಟ್ರೊಕ್ಲಸನ ತೋಳಿನ ಗಾಯಕ್ಕೆ ಪಟ್ಟಿ ಸುತ್ತುತ್ತಿದ್ದಾನೆ. ಪಾಟ್ರೊಕ್ಲಸನ ಹೆಗಲುಪಟ್ಟಿ ಬಿಚ್ಚಿಕೊಂಡು ನೆಟ್ಟಗೆ ಮೇಲೆದ್ದು ನಿಂತಿದೆ. ಜೋತುಬೀಳುವ ಮೆತ್ತನೆ ಬಟ್ಟೆ ಹಾಗೆ ನಿಲ್ಲದು. ನೀವು ಮಾಡಿದ ಪಟ್ಟಿಯೂ ಕಟ್ಟು ಬಿಚ್ಚಿದೊಡನೆ ಚಿಮ್ಮಿ ಏಳಬೇಕು. ಏಳದಿದ್ದರೆ ಇನ್ನೆರಡು ಪದರ ಸೇರಿಸಿ, ಸಾಲುಗಳನ್ನು ಒತ್ತಾಗಿಸಿ. ಈ ಚಿಮ್ಮುವ ಬಲವೇ ಕಟ್ಟನ್ನು ಸದಾ ಬಿಗಿಯಾಗಿ ಹಿಡಿದಿಡುತ್ತದೆ. ಪಟ್ಟಿಯ ಅಗಲ ಹೆಗಲ ಮೇಲೆ 9–10 ಸೆಂ.ಮೀ. ಸಾಕು, ಕೀಲನ್ನು ದಾಟಿದರೆ ಈಟಿ ಎತ್ತಲಾಗದು. ಎರಡರ ನಡುವೆ ಕತ್ತಿನ ಹಿಂದೆ ಚಿಕ್ಕ ಚೌಕದ ತುಂಡು ಬಿಟ್ಟು, ಬೆನ್ನಿನ ಮೇಲಂಚಿಗೆ ಎರಡು ಸಾಲು ಗಟ್ಟಿ ಹೊಲಿಗೆ ಹಾಕಿ.

ಪ್ಟೆರುಗೆಸ್‌ಗೆ ಆರು ಪದರ ಸಾಕು. 6 ಸೆಂ.ಮೀ. ಅಗಲ, 18 ಸೆಂ.ಮೀ. ಉದ್ದ, ಸಾಲಿಗೆ 18ರಂತೆ 36 ಪಟ್ಟಿ. ಹಿಂದಿನ ಸಾಲನ್ನು ಅರ್ಧ ಪಟ್ಟಿಯಷ್ಟು ಪಕ್ಕಕ್ಕೆ ಸರಿಸಿದರೆ ಸಂದುಗಳೆಲ್ಲ ಮುಚ್ಚುತ್ತವೆ. ಎಲ್ಲ ಅಂಚಿಗೂ ತೆಳು ಚರ್ಮದ ಗೋಟು ಕೊಡಿ, ಇಲ್ಲವಾದರೆ ಪದರಗಳು ಬಾಯಿಬಿಡುತ್ತವೆ.

ಕವಚ ತೆರೆಯುವುದು ಎಡಪಕ್ಕೆಯಲ್ಲಿ. ಗುರಾಣಿ ಮುಚ್ಚುವ ಕಡೆ ಅದು. ಮುಂಭಾಗದ ಅಂಚು ಮೇಲೆ ಬರಲಿ, ಬಲಗೈಗೆ ಎಟುಕುತ್ತದೆ. ಮೂರು ಜೊತೆ ದಾರ ಕೊಟ್ಟು, ತೂತಿನ ಸುತ್ತ ಕಾಜಾ ಹೊಲಿಗೆ ಹಾಕಿ. ಹೆಗಲುಪಟ್ಟಿಯ ತುದಿಗೊಂದು ಉಂಗುರ, ಎದೆಯ ಕೆಳಭಾಗದಲ್ಲಿ ಅದಕ್ಕೆ ಜೊತೆಯಾಗಿ ಇನ್ನೊಂದು. ವೆರ್ಗಿನಾ ಕವಚದಲ್ಲಿ ಈ ಉಂಗುರಗಳು ಚಿನ್ನದ ಸಿಂಹಮುಖದ ಬಾಯಲ್ಲಿವೆ. ಎರಡು ಉಂಗುರಗಳ ನಡುವೆ ನಾಲ್ಕು ಬೆರಳು ಅಂತರ ಬಿಡಿ. ತಾಗುವಷ್ಟು ಹತ್ತಿರವಿದ್ದರೆ ದಾರ ಎಳೆದು ಬಿಗಿಯಲು ಜಾಗವೇ ಇರದು.

ತೊಡುವಾಗ ಮೊದಲು ಪಕ್ಕೆಯ ನಡುವಿನ ದಾರ, ಆಮೇಲೆ ಕೆಳಗಿನದು, ಮೇಲಿನದು. ಹೆಗಲುಪಟ್ಟಿಗಳನ್ನು ಕೊನೆಗೆ ಎಳೆದು ಕಟ್ಟಿ. ಮೊದಲೇ ಹೆಗಲು ಕಟ್ಟಿದರೆ ಮುಂಡದ ತುಂಡು ಮೇಲಕ್ಕೆ ಜಗ್ಗಿ, ಪಕ್ಕೆಯ ತೂತುಗಳು ಒಂದಕ್ಕೊಂದು ಕೂಡುವುದಿಲ್ಲ.