ನೆರೆಹೊರೆಯ ಲುಥೆರನ್ ಸಭೆಗಳು ಪೈಪೋಟಿ ಬಿಟ್ಟು ಕೂಡಿ ನಡೆಯುವ ಬಗೆ

ಅಮೆರಿಕದ ಮಿನ್ನೆಸೋಟ, ಐಯೊವಾ, ವಿಸ್ಕಾನ್ಸಿನ್ ಮತ್ತು ಡಕೋಟಾ ರಾಜ್ಯಗಳ ಸಣ್ಣ ಊರುಗಳಲ್ಲಿ ಕೂಗಳತೆಯ ದೂರದಲ್ಲೇ ಎರಡು ಮೂರು ಲುಥೆರನ್ (ಮಾರ್ಟಿನ್ ಲೂಥರನ ಬೋಧನೆಯನ್ನು ಅನುಸರಿಸುವ ಪ್ರೊಟೆಸ್ಟಂಟ್ ಕ್ರೈಸ್ತರ) ದೇವಾಲಯಗಳು ನಿಂತಿರುವುದು ಸಾಮಾನ್ಯ ನೋಟ. ಸ್ವೀಡನ್ನಿನಿಂದ ಬಂದವರು ಕಟ್ಟಿದ್ದು ಒಂದು, ಜರ್ಮನರದು ಇನ್ನೊಂದು. ನಾರ್ವೆಯವರದೇ ಕೆಲವೆಡೆ ಎರಡು. ದೇವರು ಮನುಷ್ಯನನ್ನು ರಕ್ಷಣೆಗೆ ಆರಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಯ ಮೇಲೆ 1880ರ ದಶಕದಲ್ಲಿ ಎದ್ದ ವಿವಾದವು ನಾರ್ವೇಜಿಯನ್ ಸಿನಡ್ ಎಂಬ ಸಂಘಟನೆಯನ್ನು ಒಡೆದಾಗ ಎಷ್ಟೋ ಸಭೆಗಳೂ, ಅಂದರೆ ಒಂದೊಂದು ದೇವಾಲಯದ ಭಕ್ತರ ಕೂಟಗಳೂ, ಒಡೆದವು. 1912ರಲ್ಲಿ ಮ್ಯಾಡಿಸನ್ ನಗರದ ಹೆಸರಿನ ಒಪ್ಪಂದವಾಗಿ 1917ರಲ್ಲಿ ಮೂರು ನಾರ್ವೇಜಿಯನ್ ಸಂಘಟನೆಗಳು ಒಂದಾದವು. ಆದರೆ ಕಟ್ಟಡಗಳು, ಅಡುಗೆಮನೆಗಳು, ಸ್ಮಶಾನಗಳು ಬೇರೆಬೇರೆಯಾಗಿಯೇ ಉಳಿದವು.

ಇಂತಹ ಸಭೆಗಳಲ್ಲಿ ಬಹುಪಾಲು ಇಂದು 1988ರಲ್ಲಿ ಕಾರ್ಯಾರಂಭ ಮಾಡಿದ ಇವ್ಯಾಂಜೆಲಿಕಲ್ ಲುಥೆರನ್ ಚರ್ಚ್ ಇನ್ ಅಮೆರಿಕಕ್ಕೆ, ಅಂದರೆ ಇ.ಎಲ್.ಸಿ.ಎ.ಗೆ ಸೇರಿವೆ. ಆಗ 50 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದ ಆ ಸಂಘಟನೆಯಲ್ಲಿ ಈಗ 30 ಲಕ್ಷಕ್ಕಿಂತ ಕಡಿಮೆ ಜನರಿದ್ದಾರೆ. ಒಂದು ದೇವಾಲಯದ ಬೆಂಚಿನಿಂದ ಎದ್ದ ಕುಟುಂಬ ಪಕ್ಕದ ದೇವಾಲಯದ ಬೆಂಚಿನಲ್ಲಿ ಕುಳಿತರೆ ಊರಿನ ಲೆಕ್ಕಕ್ಕೆ ಒಬ್ಬರೂ ಹೆಚ್ಚಾಗುವುದಿಲ್ಲ. ಹಾಗಿದ್ದೂ ಪೈಪೋಟಿ ನಿಲ್ಲದಿರುವುದಕ್ಕೆ ಸಿದ್ಧಾಂತಕ್ಕಿಂತ ಭಯವೇ ಕಾರಣವೆಂದು ನನ್ನ ಎಣಿಕೆ: ಕೈಜೋಡಿಸಿದರೆ ನಾಳೆ ನಮ್ಮ ಬಾಗಿಲು ಮುಚ್ಚಿಸಿ ಅವರಲ್ಲಿ ವಿಲೀನ ಮಾಡುತ್ತಾರೆ ಎಂಬ ಭಯ. ಆದ್ದರಿಂದ ಎರಡು ಸಭಾ ಮಂಡಳಿಗಳು ಮೊದಲ ಬಾರಿ ಒಟ್ಟಿಗೆ ಕುಳಿತಾಗ, ಈ ಮಾತುಕತೆ ವಿಲೀನಕ್ಕಾಗಿ ಅಲ್ಲವೆಂಬುದನ್ನು ಬಾಯಿಬಿಟ್ಟು ಹೇಳಿ ನಡಾವಳಿ ಪುಸ್ತಕದಲ್ಲಿ ಬರೆಸಿರಿ. ಒಳಗೊಳಗೆ ವಿಲೀನವನ್ನೇ ಬಯಸುವವರು ಇದ್ದರೆ ಅವರೂ ಅದನ್ನು ಅಲ್ಲಿಯೇ ಹೇಳಲಿ. ಮುಚ್ಚಿಟ್ಟ ಬಯಕೆ ಎರಡನೆಯ ವರ್ಷದಲ್ಲಿ ಹೊರಬಿದ್ದರೆ ಅಲ್ಲಿಯವರೆಗಿನ ಕೆಲಸವೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ.

ಮೊದಲ ಕೆಲಸಕ್ಕೆ ದೇವಶಾಸ್ತ್ರವನ್ನಲ್ಲ, ಕ್ಯಾಲೆಂಡರನ್ನು ಆರಿಸಿಕೊಳ್ಳಿ. ಕ್ಷಾರದ ನೀರಿನಲ್ಲಿ ನೆನೆಸಿ ಮೃದುಮಾಡಿದ ಒಣ ಕಾಡ್ ಮೀನಿನ ‘ಲುಟೆಫಿಸ್ಕ್’ ಊಟವು ನಾರ್ವೆ ಮತ್ತು ಸ್ವೀಡನ್ ಮೂಲದ ಸಭೆಗಳಿಗೆ ಶರತ್ಕಾಲದ ದೊಡ್ಡ ವರಮಾನ. (ಅದರ ವಾಸನೆಯ ಬಗ್ಗೆ ಅಲ್ಲಿಯವರೇ ನಗೆಯಾಡುತ್ತಾರೆ, ಆದರೂ ಸಾಲು ಕಡಿಮೆಯಾಗುವುದಿಲ್ಲ.) ಅಕ್ಟೋಬರಿನ ಒಂದೇ ಶನಿವಾರ ಎರಡು ಸಭೆಗಳು ಈ ಊಟವನ್ನು ಇಟ್ಟುಕೊಂಡರೆ ಬರುವ ಜನ ಹಂಚಿಹೋಗಿ ಇಬ್ಬರ ಮೀನೂ ಉಳಿಯುತ್ತದೆ. ಆಗಸ್ಟ್ ತಿಂಗಳಿನಲ್ಲೇ ಇಬ್ಬರೂ ಕುಳಿತು ಊಟಗಳು, ಹಳೆಯ ವಸ್ತುಗಳ ಮಾರಾಟ, ಕ್ರಿಸ್ಮಸ್ ಗಾಯನ, ಬೇಸಿಗೆಯ ಬೈಬಲ್ ಶಾಲೆ ಇವುಗಳ ದಿನಾಂಕಗಳನ್ನು ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ. ನಿಮ್ಮ ಊಟದ ದಿನ ನೆರೆಯ ಸಭೆಯವರು ಬಡಿಸಲು ಬರಲಿ, ಅವರ ದಿನ ನೀವು ಹೋಗಿ ಪಾತ್ರೆ ತೊಳೆಯಿರಿ. ಒಂದೇ ಸಿಂಕಿನ ಮುಂದೆ ನಿಂತವರ ನಡುವೆ ಹುಟ್ಟುವ ಸಲಿಗೆ ಜಂಟಿ ಸಮಿತಿಯ ಹತ್ತು ಬೈಠಕ್‌ಗಳಿಂದಲೂ ಹುಟ್ಟುವುದಿಲ್ಲ.

ಎರಡನೆಯದು ಸದಸ್ಯತ್ವದ ವಿಷಯ. ಸಂಬಂಧಗಳು ಹೆಚ್ಚಾಗಿ ಹಳಸುವುದು ಇಲ್ಲಿಯೇ. ಸಭಾಪಾಲಕರ ಮೇಲೆ ಮುನಿಸಿಕೊಂಡ ಕುಟುಂಬವೊಂದು ಮುಂದಿನ ಭಾನುವಾರ ರಸ್ತೆಯಾಚೆಯ ದೇವಾಲಯದಲ್ಲಿ ಕಾಣಿಸಿಕೊಂಡಾಗ ಅಲ್ಲಿಯವರು ಹಿಗ್ಗುವುದು ಸಹಜ, ಬಿಟ್ಟುಬಂದ ಸಭೆಯವರು ಕುಗ್ಗುವುದೂ ಸಹಜ. ಇದಕ್ಕೆ ಮೂರು ನಿಯಮಗಳನ್ನು ಮೊದಲೇ ಒಪ್ಪಿಕೊಂಡಿರಬೇಕು. ಹೊಸಬರನ್ನು ಆರಾಧನೆಗೆ ಸ್ವಾಗತಿಸಿರಿ, ಆದರೆ ಸದಸ್ಯರ ಪಟ್ಟಿಗೆ ಸೇರಿಸುವ ಮೊದಲು ಅವರು ತಮ್ಮ ಹಳೆಯ ಸಭಾಪಾಲಕರೊಡನೆ ಒಮ್ಮೆ ಮಾತನಾಡಿ ಬರುವಂತೆ ಕೇಳಿರಿ. ವರ್ಗಾವಣೆ ಪತ್ರವಿಲ್ಲದೆ ಹೆಸರು ಬರೆದುಕೊಳ್ಳಬೇಡಿರಿ; ಪತ್ರ ಕೇಳಿದಾಗ ಹಳೆಯ ಸಭೆಯವರು ಅದನ್ನು ತಡಮಾಡದೆ ಕೊಡಬೇಕು. ಬಂದವರು ಹೊತ್ತು ತಂದ ದೂರನ್ನು ನಿಮ್ಮ ಅಡುಗೆಮನೆಯಲ್ಲಿ ಚರ್ಚೆಗೆ ಬಿಡಬೇಡಿರಿ. ಈ ಮೂರನೆಯದನ್ನು ಪಾಲಿಸುವುದು ಬಹಳ ಕಷ್ಟ, ಆದರೆ ಅದು ಮುರಿದರೆ ಮೊದಲ ಎರಡಕ್ಕೆ ಬೆಲೆಯೇ ಇರುವುದಿಲ್ಲ.

ಈ ಬುನಾದಿಯ ಮೇಲೆ ಜಂಟಿ ಕಾರ್ಯಕ್ರಮಗಳನ್ನು ಕಟ್ಟಬಹುದು. ಆ ಭಾಗದ ಅನೇಕ ಊರುಗಳಲ್ಲಿ ಶಾಲೆಗಳು ಬುಧವಾರದ ಸಂಜೆಯನ್ನು ಸಭೆಗಳಿಗೆಂದು ಬಿಟ್ಟುಕೊಡುವ ರೂಢಿ ಇರುವುದರಿಂದ ದೃಢೀಕರಣದ (ದೀಕ್ಷಾಸ್ನಾನ ಪಡೆದ ಮಕ್ಕಳು ಬೆಳೆದ ಮೇಲೆ ತಮ್ಮ ನಂಬಿಕೆಯನ್ನು ತಾವೇ ಒಪ್ಪಿ ಹೇಳುವ ವಿಧಿಯ) ತರಗತಿಗಳು ಹೆಚ್ಚಾಗಿ ಅಂದೇ ನಡೆಯುತ್ತವೆ. ಒಂದೆಡೆ ಮೂವರು, ಇನ್ನೊಂದೆಡೆ ಐವರು ಮಕ್ಕಳಿದ್ದರೆ ಅವರನ್ನು ಒಟ್ಟಿಗೆ ಕೂರಿಸಿ, ಲೂಥರ್ ಬರೆದ 1529ರ ಚಿಕ್ಕ ಪ್ರಶ್ನೋತ್ತರಾವಳಿಯ ಭಾಗಗಳನ್ನು ಇಬ್ಬರು ಸಭಾಪಾಲಕರು ಹಂಚಿಕೊಂಡು ಕಲಿಸಲಿ. ದೃಢೀಕರಣದ ಆರಾಧನೆ ಮಾತ್ರ ಆಯಾ ಮಗುವಿನ ಸಭೆಯಲ್ಲೇ ನಡೆಯಲಿ. ಈಸ್ಟರ್‌ಗೆ ಮುಂಚಿನ ಲೆಂಟ್ ಎಂಬ ವ್ರತಕಾಲದ ಬುಧವಾರಗಳಲ್ಲಿ ಸೂಪು ಮತ್ತು ರೊಟ್ಟಿಯ ಸರಳ ಊಟದ ನಂತರ ಸಭಾಪಾಲಕರು ಒಬ್ಬರ ಪ್ರಸಂಗಪೀಠದಲ್ಲಿ ಇನ್ನೊಬ್ಬರು ನಿಂತು ಬೋಧಿಸುವ ಪದ್ಧತಿ ಬಹಳ ಹಿಂದಿನಿಂದಲೂ ಇದೆ. ಒಂದು ಪ್ರಸಂಗವನ್ನು ಸಿದ್ಧಪಡಿಸಿ ಎರಡು ಮೂರು ಕಡೆ ಬೋಧಿಸಬಹುದಾದ್ದರಿಂದ ಅವರ ಹೊರೆಯೂ ಇಳಿಯುತ್ತದೆ. ಮಕ್ಕಳ ಕಾರ್ಯಕ್ರಮಗಳಿಗೆ ಬರುವ ಸ್ವಯಂಸೇವಕರ ಹಿನ್ನೆಲೆ ಪರಿಶೀಲನೆ ಮತ್ತು ವಿಮೆ ಯಾರ ಹೊಣೆ ಎಂಬುದನ್ನು ಮಾತ್ರ ಬರಹದಲ್ಲಿ ಇಟ್ಟುಕೊಳ್ಳಿ.

ಹಾಡಿನ ಪುಸ್ತಕದ ಮೇಲೆ ಜಗಳ ಬಂದೀತು. ಒಂದು ಸಭೆ 1978ರ ಹಸಿರು ಹೊದಿಕೆಯ ಆರಾಧನಾ ಪುಸ್ತಕವನ್ನೇ ಹಿಡಿದಿದ್ದರೆ, ಇನ್ನೊಂದು 2006ರ ಕೆಂಪು ಪುಸ್ತಕಕ್ಕೆ ಬದಲಾಗಿರುತ್ತದೆ. ಆಗ ಲುಥೆರನರ ನಂಬಿಕೆಯ ಮೂಲ ಹೇಳಿಕೆಯಾದ 1530ರ ಔಗ್ಸ್‌ಬರ್ಗ್ ವಿಶ್ವಾಸ ಪ್ರಮಾಣದ ಏಳನೆಯ ವಿಧಿಯನ್ನು ಎಲ್ಲರೆದುರು ಓದಿರಿ: ಸುವಾರ್ತೆಯ ಬೋಧನೆ ಮತ್ತು ಸಂಸ್ಕಾರಗಳ ಆಚರಣೆಯಲ್ಲಿ ಒಮ್ಮತವಿದ್ದರೆ ಐಕ್ಯಕ್ಕೆ ಅಷ್ಟು ಸಾಕು, ಮನುಷ್ಯರು ಮಾಡಿದ ಸಂಪ್ರದಾಯಗಳು ಎಲ್ಲೆಡೆ ಒಂದೇ ರೀತಿ ಇರಬೇಕಾಗಿಲ್ಲ ಎಂಬುದು ಅದರ ತಾತ್ಪರ್ಯ.

ಇಬ್ಬರು ಸೇರಿ ಒಬ್ಬ ಸಭಾಪಾಲಕರನ್ನು ಇಟ್ಟುಕೊಳ್ಳುವ ಹಂತ ಬಂದರೆ ಸಿನಡ್ಡಿನ, ಅಂದರೆ ಇ.ಎಲ್.ಸಿ.ಎ.ಯ ಪ್ರಾದೇಶಿಕ ಘಟಕದ, ಬಿಷಪರ ಕಚೇರಿಯನ್ನು ಆರಂಭದಿಂದಲೇ ಜೊತೆಗಿಟ್ಟುಕೊಳ್ಳಿ; ಇ.ಎಲ್.ಸಿ.ಎ.ಯಲ್ಲಿ ಸಭಾಪಾಲಕರ ನೇಮಕದ ಕರೆಗೆ ಹಾಜರಿದ್ದು ಮತ ಹಾಕಿದ ಸದಸ್ಯರ ಮೂರನೇ ಎರಡರಷ್ಟು ಮತ ಬೇಕು, ಅದೂ ಎರಡು ಸಭೆಗಳಲ್ಲಿ ಪ್ರತ್ಯೇಕವಾಗಿ. ಸಂಬಳವನ್ನು ಸದಸ್ಯರ ಸಂಖ್ಯೆಯ ಮೇಲಷ್ಟೇ ಹಂಚಬೇಡಿರಿ. 60 ಕುಟುಂಬಗಳ ಸಭೆಯೂ 40 ಕುಟುಂಬಗಳ ಸಭೆಯೂ ವಾರಕ್ಕೊಂದು ಆರಾಧನೆಯನ್ನೇ ಬಯಸುವುದರಿಂದ ಸಮಯ ಮತ್ತು ಸಂಖ್ಯೆ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ನ್ಯಾಯ. ಕ್ರಿಸ್ಮಸ್ ಮುನ್ನಾದಿನ ಮತ್ತು ಈಸ್ಟರ್ ಬೆಳಗ್ಗೆ ಮೊದಲ ಆರಾಧನೆ ಯಾರದು ಎಂಬುದನ್ನು ವರ್ಷಬಿಟ್ಟು ವರ್ಷ ಅದಲುಬದಲು ಮಾಡಿರಿ.

ನೆರೆಯ ಸಭೆ ಬೇರೆ ಸಂಘಟನೆಗೆ ಸೇರಿದ್ದರೆ ಎಚ್ಚರ ಹೆಚ್ಚು ಬೇಕು. 1847ರಲ್ಲಿ ಶಿಕಾಗೊದಲ್ಲಿ ಸ್ಥಾಪನೆಯಾದ ಮಿಸೌರಿ ಸಿನಡ್, ಬೋಧನೆಯಲ್ಲಿ ಒಮ್ಮತವಿಲ್ಲದವರೊಡನೆ ಪ್ರಸಂಗಪೀಠವನ್ನೂ ಕರ್ತನ ಭೋಜನವನ್ನೂ ಹಂಚಿಕೊಳ್ಳುವುದಿಲ್ಲ, ಇ.ಎಲ್.ಸಿ.ಎ.ಯೊಡನೆಯೂ ಅದಕ್ಕೆ ಆ ಅನ್ಯೋನ್ಯತೆ ಇಲ್ಲ. 2001ರ ಸೆಪ್ಟೆಂಬರಿನ ದಾಳಿಯ ನಂತರ ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ ನಡೆದ ಸರ್ವಧರ್ಮ ಪ್ರಾರ್ಥನೆಯಲ್ಲಿ ಪಾಲ್ಗೊಂಡ ಆ ಸಿನಡ್ಡಿನ ಜಿಲ್ಲಾಧ್ಯಕ್ಷರೊಬ್ಬರು ಅಮಾನತುಗೊಂಡು, 2003ರಲ್ಲಷ್ಟೇ ಹಿಂದಿನ ಸ್ಥಾನಕ್ಕೆ ಮರಳಿದರು. ಆದ್ದರಿಂದ ಜಂಟಿ ಆರಾಧನೆಗೆ ಬರುವಂತೆ ನೆರೆಯ ಮಿಸೌರಿ ಸಭಾಪಾಲಕರನ್ನು ಒತ್ತಾಯಿಸುವುದು ಸ್ನೇಹವಲ್ಲ, ಅವರನ್ನು ಇಕ್ಕಟ್ಟಿಗೆ ತಳ್ಳುವುದು. ಬಲಿಪೀಠದ ಹೊರಗೆ ಮಾಡಬಹುದಾದ ಕೆಲಸ ಬೇಕಾದಷ್ಟಿದೆ: ಬಡವರ ಆಹಾರ ಭಂಡಾರ, ನೆರೆ ಬಂದಾಗಿನ ಪರಿಹಾರ, 1945ರಲ್ಲಿ ಆರಂಭವಾದ ಲುಥೆರನ್ ವರ್ಲ್ಡ್ ರಿಲೀಫ್ ಸಂಸ್ಥೆಗೆ ಚೂರುಬಟ್ಟೆಯ ಕೌದಿ ಹೊಲಿಯುವುದು. ಎರಡೂ ಕಡೆಯ ಮಹಿಳೆಯರು ಈ ಕೌದಿಗಳನ್ನು ದಶಕಗಳಿಂದ ಹೊಲಿಯುತ್ತಿದ್ದಾರೆ.

ಸಂಘಟನೆಗಳನ್ನು ಬೇರ್ಪಡಿಸುವ ಈ ಗೆರೆ ಕನ್ನಡ ನಾಡಿಗೆ ದೂರದ್ದಲ್ಲ. ಮಿಸೌರಿ ಸಿನಡ್ಡಿನ ಮಿಷನರಿಗಳು 1895ರಲ್ಲಿ ನಮ್ಮ ಗಡಿಯಾಚೆಯ ಕೃಷ್ಣಗಿರಿಯಲ್ಲಿ ಕೆಲಸ ಆರಂಭಿಸಿದ್ದರಿಂದ ಇಂಡಿಯಾ ಇವ್ಯಾಂಜೆಲಿಕಲ್ ಲುಥೆರನ್ ಚರ್ಚ್ ಬೆಳೆಯಿತು. ಲೈಪ್‌ಜಿಗ್ ಮಿಷನ್ನಿನ ಪರಂಪರೆಯಿಂದ 1919ರಲ್ಲಿ ತಮಿಳು ಇವ್ಯಾಂಜೆಲಿಕಲ್ ಲುಥೆರನ್ ಚರ್ಚ್ ರೂಪುಗೊಂಡಿತು. ಎರಡಕ್ಕೂ ಬೆಂಗಳೂರಿನಲ್ಲಿ ಸಭೆಗಳಿವೆ, ಎರಡೂ ಚೆನ್ನೈ ಕೇಂದ್ರದ ಲುಥೆರನ್ ಒಕ್ಕೂಟದಲ್ಲಿ ಸದಸ್ಯರಾಗಿವೆ. ಕ್ಯಾಲೆಂಡರಿನ ಹಾಳೆ ಮತ್ತು ವರ್ಗಾವಣೆ ಪತ್ರದ ನಿಯಮಗಳು ಅಲ್ಲಿಯಂತೆ ಇಲ್ಲಿಯೂ ನಡೆದಾವು.

ಒಪ್ಪಿಕೊಂಡದ್ದನ್ನೆಲ್ಲ ಒಂದು ಪುಟಕ್ಕೆ ಮೀರದಂತೆ ಬರೆದು, ಎರಡು ವರ್ಷಗಳ ನಂತರದ ಮರುಪರಿಶೀಲನೆಯ ದಿನಾಂಕವನ್ನೂ, ಒಬ್ಬರು ಹಿಂದೆ ಸರಿಯಬೇಕಾದರೆ ಎಷ್ಟು ತಿಂಗಳು ಮುಂಚಿತವಾಗಿ ತಿಳಿಸಬೇಕೆಂಬುದನ್ನೂ ಅದರಲ್ಲಿ ಸೇರಿಸಿರಿ. ಜಂಟಿ ಹಣಕ್ಕೆ ಪ್ರತ್ಯೇಕ ಖಾತೆ ತೆರೆದು ಎರಡೂ ಸಭೆಗಳಿಂದ ಒಬ್ಬೊಬ್ಬರ ಸಹಿ ಕಡ್ಡಾಯ ಮಾಡಿರಿ. ಸ್ಮಶಾನಗಳ ನಿರ್ವಹಣೆಯನ್ನು ಒಂದುಗೂಡಿಸುವ ಸಲಹೆಯನ್ನು ಯಾರಾದರೂ ತಂದರೆ, ಅದನ್ನು ಆ ಎರಡು ವರ್ಷಗಳ ಪರಿಶೀಲನೆಯವರೆಗೆ ಕಾರ್ಯಸೂಚಿಯಿಂದ ಹೊರಗಿಡಿರಿ.