ಕೋಸ್ಟಾರಿಕಾ: ಯಾವ ಜ್ವಾಲಾಮುಖಿ, ಯಾವ ಮೋಡದ ಕಾಡು?

ಕೋಸ್ಟಾರಿಕಾಗೆ ಹೊರಟವರು ದಯವಿಟ್ಟು ಎಲ್ಲ ಜ್ವಾಲಾಮುಖಿಗಳನ್ನೂ ಪಟ್ಟಿಗೆ ಸೇರಿಸಬೇಡಿ. ಒಂದು ವಾರಕ್ಕೆ ಎರಡು ಜಾಗ ಸಾಕು.

ಕುಳಿಯೊಳಗೆ ಇಣುಕಿ ನೋಡಬೇಕಾ? ಪೋಆಸ್ ಅಥವಾ ಇರಾಸು ಆರಿಸಿ. ಎರಡೂ ರಾಜಧಾನಿ ಸಾನ್ ಹೋಸೆಗೆ ಹತ್ತಿರ. ಪೋಆಸ್ ಆಗಾಗ ಬೂದಿ ಉಗುಳುತ್ತದೆ, ಆಗ ಪಾರ್ಕ್ ಮುಚ್ಚುತ್ತಾರೆ. ತೆರೆದಿದೆಯಾ ಎಂದು ನೋಡಿಕೊಂಡು ಮೊದಲೇ ಆನ್‌ಲೈನ್‌ನಲ್ಲಿ ಟಿಕೆಟ್ ತೆಗೆದುಕೊಳ್ಳಿ. ಇರಾಸು 3,432 ಮೀಟರ್ ಎತ್ತರ, ಸ್ವೆಟರ್ ಬೇಕೇ ಬೇಕು. ಯಾವುದಾದರೂ ಸರಿ, ಗೇಟ್ ತೆರೆಯುವ ಹೊತ್ತಿಗೇ ಅಲ್ಲಿರಿ. ತಡವಾದರೆ ಮೋಡ ಕವಿಯುತ್ತದೆ. ಆಮೇಲೆ ಕಂಬಿ ಹಿಡಿದು ಸುಮ್ನೆ ಬಿಳಿ ಮಂಜು ನೋಡುತ್ತಾ ನಿಲ್ಲಬೇಕು, ಅಷ್ಟು ದೂರ ಹೋಗಿ ಹಾಗಾದರೆ ಬೇಜಾರಲ್ವಾ?

ಅರೆನಾಲ್ ಜ್ವಾಲಾಮುಖಿ 2010ರಿಂದ ಶಾಂತವಾಗಿದೆ. ತುದಿಗೆ ಹತ್ತಲು ಬಿಡುವುದಿಲ್ಲ. ಆದರೆ ಬಿಸಿನೀರಿನ ಬುಗ್ಗೆಗಳಿವೆ, ಹಳೇ ಲಾವಾ ಮೇಲೆ ನಡೆಯುವ ದಾರಿಯಿದೆ. ಮಕ್ಕಳಿದ್ದರೆ ನಾನು ಇದನ್ನೇ ಹೇಳುತ್ತೇನೆ. ಅಲ್ಲಿಂದ ವ್ಯಾನ್, ದೋಣಿ, ಮತ್ತೆ ವ್ಯಾನ್ ಹಿಡಿದರೆ ಸರೋವರ ದಾಟಿ ಮಾಂಟೆವೆರ್ಡೆಗೆ ಹೋಗಬಹುದು.

ಮಾಂಟೆವೆರ್ಡೆ ಅಂದರೆ ಮೋಡದ ಕಾಡು. ಕೆರಿಬಿಯನ್ ಕಡೆಯ ಒದ್ದೆ ಗಾಳಿ ಬೆಟ್ಟ ಹತ್ತುತ್ತಾ ಮೋಡವಾಗುತ್ತದೆ. ಮಳೆ ಇಲ್ಲದಿದ್ದರೂ ಪಾಚಿಯ ತುದಿಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ರೇನ್‌ಕೋಟ್ ಮರೆಯಬೇಡಿ. ಜನ ಜಾಸ್ತಿ ಬೇಡ ಅನ್ನುವವರಿಗೆ ಪಕ್ಕದ ಸಾಂತಾ ಎಲೆನಾ ಮೋಡದ ಕಾಡು ಒಳ್ಳೆಯದು.

ಕೆಟ್ಸಾಲ್ ಹಕ್ಕಿಯೇ ಮುಖ್ಯ ಅನ್ನುವವರು ಸಾನ್ ಹೆರಾರ್ಡೊ ದೆ ದೋಟಾ ಕಣಿವೆಗೆ ಹೋಗಿ. ಕಾಡು ಬೆಣ್ಣೆಹಣ್ಣಿನ ಮರ ಹಣ್ಣು ಬಿಟ್ಟಿದೆಯಾ ಎಂದು ಗೈಡ್‌ನ ಕೇಳಿ, ಬೆಳಕು ಹರಿಯುವಾಗಲೇ ಅದರ ಕೆಳಗೆ ಕಾಯಿರಿ.