ಗಿಟಾರಿನ ಆರು ತಂತಿಗೆ ಆರು ದನಿ

ಗಿಟಾರನ್ನು ಸಿಂಥ್‌ಗೆ (ಬೇರೆ ಬೇರೆ ವಾದ್ಯದ ದನಿ ಹುಟ್ಟಿಸುವ ಎಲೆಕ್ಟ್ರಾನಿಕ್ ವಾದ್ಯ ಅಥವಾ ಸಾಫ್ಟ್‌ವೇರ್) ಜೋಡಿಸಿದರೆ ದಪ್ಪ ತಂತಿಗಳಲ್ಲಿ ಬೇಸ್, ನಡುವಿನ ಎರಡರಲ್ಲಿ ಪ್ಯಾಡ್ (ಹಿನ್ನೆಲೆಯಲ್ಲಿ ಎಳೆದು ನಿಲ್ಲುವ ಮೆತ್ತನೆ ದನಿ), ಸಣ್ಣ ತಂತಿಗಳಲ್ಲಿ ಕೊಳಲು. ಒಬ್ಬರೇ ಕೂತು ಇಷ್ಟನ್ನೂ ನುಡಿಸಬಹುದು. ಆದರೆ ನಾನು ನೋಡಿದ ಹೆಚ್ಚಿನವರು ಮೊದಲ ದಿನವೇ ಸೌಂಡ್ ಹುಡುಕುತ್ತಾ ಕೂರುತ್ತಾರೆ, ತಂತಿಯ ಕಂಪನ ಹಿಡಿಯುವ ಪಿಕಪ್ ಕಡೆ ತಿರುಗಿಯೂ ನೋಡುವುದಿಲ್ಲ, ಆಮೇಲೆ ಒಂದು ತಂತಿ ಮೀಟಿದರೆ ಎರಡು ದನಿ ಬರ್ತಿದೆ ಅಂತ ಸಿಂಥನ್ನು ಬೈಯುತ್ತಾರೆ.

ಬೇಕಾದ್ದು ಹೆಕ್ಸಾಫೋನಿಕ್ ಪಿಕಪ್. ಪ್ರತಿ ತಂತಿಗೂ ಬೇರೆ ಸಿಗ್ನಲ್ ಕೊಡುವಂಥದ್ದು. ರೋಲ್ಯಾಂಡ್ ಜಿಕೆ-3, ಫಿಶ್‌ಮನ್ ಟ್ರಿಪಲ್‌ಪ್ಲೇ ಇದೇ ಜಾತಿಯವು. ಮಾಮೂಲಿ ಪಿಕಪ್ ಆರನ್ನೂ ಕಲಸಿ ಒಂದು ಮಾಡಿಬಿಡುತ್ತದೆ, ಅದನ್ನು ಸಾಫ್ಟ್‌ವೇರಿನಲ್ಲಿ ಬಿಡಿಸುವ ಅಡ್ಡದಾರಿ ಈ ಕೆಲಸಕ್ಕೆ ಬೇಡವೇ ಬೇಡ. ಸ್ಟೀಲ್ ತಂತಿ ಹಾಕಿ, ನೈಲಾನ್ ತಂತಿಯನ್ನು ಮ್ಯಾಗ್ನೆಟಿಕ್ ಪಿಕಪ್ ಹಿಡಿಯುವುದಿಲ್ಲ.

ಈಗ ಕಷ್ಟದ ಭಾಗ. ಪಿಕಪ್ಪನ್ನು ಬ್ರಿಡ್ಜ್‌ಗೆ (ಗಿಟಾರಿನ ಒಡಲ ಮೇಲೆ ತಂತಿಗಳು ಕೂರುವ ಪಟ್ಟಿ) ಆದಷ್ಟು ಹತ್ತಿರ ಕೂರಿಸಿ. ಕೊನೆಯ ಫ್ರೆಟ್ ಒತ್ತಿ ಹಿಡಿದುಕೊಂಡು ತಂತಿಗೂ ಪಿಕಪ್ಪಿಗೂ ನಡುವೆ 1 ಮಿ.ಮೀ. ಜಾಗ ಇದೆಯಾ ನೋಡಿ. ಒತ್ತದೆ ಅಳೆದರೆ ಲೆಕ್ಕ ತಪ್ಪುತ್ತದೆ. ದಪ್ಪ ತಂತಿಯ ಕಡೆಯೂ ಸಣ್ಣ ತಂತಿಯ ಕಡೆಯೂ ಅಳೆಯಿರಿ. ನಂತರ ಸೆನ್ಸಿಟಿವಿಟಿ, ಅಂದರೆ ಪ್ರತಿ ತಂತಿಯ ಸಿಗ್ನಲ್ ಮಟ್ಟ: ಒಂದೊಂದೇ ತಂತಿಯನ್ನು ನೀವು ನುಡಿಸುವಷ್ಟೇ ಜೋರಾಗಿ ಮೀಟಿ, ಆ ಮಟ್ಟ ತೋರಿಸುವ ಮೀಟರ್ ತುದಿಯ ಹತ್ತಿರ ಹೋಗಬೇಕು, ತುದಿ ಮುಟ್ಟಬಾರದು. ಆಗ ಪಕ್ಕದ ತಂತಿಯ ಮೀಟರ್ ಜಿಗಿದರೆ ಆ ಪಕ್ಕದ ತಂತಿಯ ಸೆನ್ಸಿಟಿವಿಟಿ ಇಳಿಸಿ. ಇದಕ್ಕೆ ಅರ್ಧ ಗಂಟೆ ಹಿಡಿದರೂ ಪರವಾಗಿಲ್ಲ.

ತಂತಿಯ ಸಿಗ್ನಲ್ಲನ್ನು ಮಿಡಿಗೆ (ವಾದ್ಯ, ಕಂಪ್ಯೂಟರುಗಳು ಸ್ವರದ ಸಂದೇಶ ಕಳಿಸುವ ಭಾಷೆ) ಬದಲಿಸುವ ಕನ್ವರ್ಟರನ್ನು ಮೋನೋ ಮೋಡ್‌ಗೆ ಹಾಕಿ, ತಂತಿಗೊಂದು ಮಿಡಿ ಚಾನೆಲ್ ಕೊಡಿ. ಎಲ್ಲವೂ ಒಂದೇ ಚಾನೆಲ್ಲಿನಲ್ಲಿದ್ದರೆ ದನಿ ಬೇರೆ ಮಾಡಲಾಗದು, ಒಂದು ತಂತಿ ಎಳೆದರೆ ಆರರ ಸ್ವರವೂ ಬಗ್ಗುತ್ತದೆ. ಕಂಪ್ಯೂಟರಿನಲ್ಲಿ ಆರು ಟ್ರ್ಯಾಕ್, ಒಂದೊಂದಕ್ಕೆ ಒಂದೊಂದು ಚಾನೆಲ್, ಒಂದೊಂದು ಸಿಂಥ್. ಅಷ್ಟೇ.

ಎಲ್ಲರೂ ಮರೆಯುವುದು ಬೆಂಡ್ ರೇಂಜ್, ಅಂದರೆ ತಂತಿ ಎಳೆದಾಗ ಸ್ವರ ಎಷ್ಟು ಅರ್ಧಸ್ವರದವರೆಗೆ ಬಗ್ಗಬಹುದು ಎಂಬ ಮಿತಿ. ಕನ್ವರ್ಟರಿನಲ್ಲಿ 12 ಇದ್ದರೆ ಆರೂ ಸಿಂಥ್‌ಗಳಲ್ಲಿ 12 ಇರಲೇಬೇಕು. ಎಷ್ಟೋ ಸಿಂಥ್‌ಗಳಲ್ಲಿ ಮೊದಲೇ 2 ಇರುತ್ತದೆ, ಆಗ ನೀವು ಎಷ್ಟು ಎಳೆದರೂ ಸ್ವರ ಜಾಸ್ತಿ ಏರುವುದಿಲ್ಲ.

ಇನ್ನು ದನಿ ಆರಿಸಿ. ಆರನೇ ತಂತಿ, ಅಂದರೆ ಅತಿ ದಪ್ಪದ್ದು, ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ, ಒಂದು ಕಂಪನಕ್ಕೇ 12 ಮಿಲಿಸೆಕೆಂಡ್ ಬೇಕು, ಒಂದನೇ ತಂತಿಗೆ 3 ಸಾಕು. ಕಂಪನ ನೋಡಿಯೇ ಕನ್ವರ್ಟರ್ ಸ್ವರ ಗುರುತಿಸುವುದು, ಅದಕ್ಕೇ ದಪ್ಪ ತಂತಿ ತಡವಾಗಿ ಕೇಳುತ್ತದೆ. ಚುರುಕಾದ ಬೇಸ್ ಬೇಕಿದ್ದರೆ ಆ ಟ್ರ್ಯಾಕನ್ನು ಒಂದು ಆಕ್ಟೇವ್ ಇಳಿಸಿ, ನೀವು 12ನೇ ಫ್ರೆಟ್ಟಿನಿಂದ ಮೇಲೆ ನುಡಿಸಿ. ಗಂಟೆಯಂಥ ಚೂಪು ದನಿಗಳನ್ನು ಸಣ್ಣ ತಂತಿಗಳಿಗೇ ಇಡಿ.